ಮಾತು ಮುಗಿಯುವವರೆಗೆ

ಬೆಳಗಿನ ಹೊತ್ತು ಕ್ಯಾಂಟೀನಿನ ಕಿಟಕಿಯ ಮುಂದೆ ಸಾಲು ಉದ್ದವಾಗಿತ್ತು. ಒಳಗಿದ್ದವನು ತಲೆ ಎತ್ತದೆ "ಮುಂದೆ, ಮುಂದೆ" ಎನ್ನುತ್ತ ಲೋಟಗಳನ್ನು ದಾಟಿಸುತ್ತಿದ್ದ. ತನ್ನ ಸರದಿ ಬಂದಾಗ ಅವಳು ಹಿಂದೆ ನಿಂತವನ ಕಡೆ ತಿರುಗಿ ಕೂಡ ನೋಡದೆ, ಎರಡು ಕಾಫಿ, ಎರಡು ಬನ್ ಎಂದಳು. ಹಿಂದೆ ನಿಂತವನು ಏನೋ ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಕಾಫಿ ಬಂದಿತ್ತು. ಅವನು ಲೋಟ ತೆಗೆದುಕೊಂಡ.

ಕಂಪ್ಯೂಟರ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ರೇಡಿಯೋ ಎಂದು. ಮೊದಲ ವರ್ಷದಲ್ಲೇ ಅಂಟಿದ ಹೆಸರು. ಅವಳು ಮೆಟ್ಟಿಲು ಹತ್ತುವ ಮೊದಲೇ ಅವಳ ದನಿ ಮೇಲಿನ ಮಹಡಿಗೆ ಬಂದು ತಲುಪುತ್ತಿತ್ತು. ಅವಳಿಗೆ ಇದರ ಬಗ್ಗೆ ಬೇಸರವೇನೂ ಇರಲಿಲ್ಲ, ಒಳಗೊಳಗೇ ಹೆಮ್ಮೆಯಿತ್ತು. ಮಾತು ಅವಳಿಗೆ ತಂದೆಯ ಕಡೆಯಿಂದ ಬಂದದ್ದು. ತಂದೆಗೆ ಕ್ಷೌರದ ಅಂಗಡಿಯಿತ್ತು. ಮಗಳ ವಿದ್ಯೆಯ ಸುದ್ದಿಯನ್ನು ಅವನು ಕನ್ನಡಿಯ ಮುಂದೆ ಕೂತವರಿಗೆಲ್ಲ ವಿವರವಾಗಿ ಹೇಳುತ್ತಿದ್ದ. ಕುತ್ತಿಗೆಯ ಹತ್ತಿರ ಕತ್ತಿ ಇರುವಾಗ ಯಾರೂ ನಡುವೆ ಎದ್ದು ಹೋಗುವಂತಿರಲಿಲ್ಲ.

ಅವಳ ಹಿಂದೆ ನಿಂತಿದ್ದ ಗೆಳೆಯನಿಗೂ ಒಂದು ಅಡ್ಡಹೆಸರಿತ್ತು. ಅವನಿಗೆ ಮಾತು ತಡವರಿಸುತ್ತಿತ್ತು. ಮೊದಲ ಅಕ್ಷರ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಕಣ್ಣು ಮುಚ್ಚಿ, ಗದ್ದ ಎತ್ತಿ, ಅದನ್ನು ಹೊರಗೆ ದೂಡಬೇಕಾಗುತ್ತಿತ್ತು. ಪರದೆಯ ಮೇಲೆ ಸುಮ್ಮನೆ ಸುತ್ತುವ ಚಕ್ರದ ನೆನಪಾಗಿ ಯಾರೋ ಅವನಿಗೆ 'ಲೋಡಿಂಗ್' ಎಂದು ಹೆಸರಿಟ್ಟಿದ್ದರು. ವಿಭಾಗದಲ್ಲಿ ಅವನಷ್ಟು ಚೆನ್ನಾಗಿ ಪ್ರೋಗ್ರಾಮ್ ಬರೆಯುವವರು ಇನ್ನೊಬ್ಬರಿರಲಿಲ್ಲ. ಬೇರೆಯವರ ಪ್ರೋಗ್ರಾಮ್ ಕೆಟ್ಟು ಕೂತಾಗ ಎಲ್ಲರೂ ಓಡಿಬರುತ್ತಿದ್ದುದು ಅವನ ಮೇಜಿಗೆ. ಕೆಲಸ ಮುಗಿದ ಮೇಲೆ "ಥ್ಯಾಂಕ್ಸ್ ಲೋಡಿಂಗ್" ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು. ಆ ಹೆಸರಿನಿಂದ ಕರೆಯದೆ ಇದ್ದವಳು ರೇಡಿಯೋ ಒಬ್ಬಳೇ.

ಅವಳು ಅವನ ಜೊತೆ ಸೇರಿದ್ದೂ ಹಾಗೆಯೇ. ಒಂದು ದಿನ ತರಗತಿಯಲ್ಲಿ ಅವನು ಉತ್ತರ ಹೇಳಲು ಎದ್ದು ನಿಂತು ಸಿಕ್ಕಿಹಾಕಿಕೊಂಡಾಗ ಹಿಂದಿನ ಬೆಂಚಿನವರು ನಕ್ಕರು. ಪಕ್ಕದಲ್ಲಿದ್ದ ಅವಳಿಗೆ ಸಿಟ್ಟು ಬಂತು. ಅವನ ಪುಸ್ತಕದಲ್ಲಿ ಬರೆದಿದ್ದ ಉತ್ತರವನ್ನು ತಾನೇ ಎದ್ದು ಓದಿಬಿಟ್ಟಳು. ನಗು ನಿಂತಿತು. ಅಂದಿನಿಂದ ಅವನ ಬಾಯಿ ಅವಳೇ ಆದಳು. ಲೈಬ್ರರಿಯಲ್ಲಿ ಪುಸ್ತಕ ಕೇಳುವುದು, ಕಚೇರಿಯಲ್ಲಿ ಗುಮಾಸ್ತನ ಜೊತೆ ವಾದ ಮಾಡುವುದು, ಪ್ರಯೋಗಾಲಯದಲ್ಲಿ ಮೇಷ್ಟ್ರ ಪ್ರಶ್ನೆಗೆ ಉತ್ತರಿಸುವುದು, ಎಲ್ಲವೂ ಅವಳ ಪಾಲಿಗೆ ಬಂತು. ಅವನು ಮೊದಲ ಅಕ್ಷರ ಹಿಡಿಯುವಷ್ಟರಲ್ಲಿ ಉಳಿದದ್ದನ್ನು ಅವಳು ಪೂರ್ತಿ ಮಾಡುತ್ತಿದ್ದಳು. ಎಂಥ ಜೋಡಿ ಎಂದು ಮೇಷ್ಟ್ರುಗಳೂ ಮೆಚ್ಚಿಕೊಂಡರು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಬ್ಬರೂ ಒಟ್ಟಿಗೆ ಸೇರಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ವಿಶ್ವವಿದ್ಯಾಲಯದ ಗೇಟಿನ ಮುಂದಿನ ನಿಲ್ದಾಣಕ್ಕೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮೊದಲೇ ಹೇಳುವ ಪ್ರೋಗ್ರಾಮ್ ಅದು. ಬಸ್ಸು ಸದ್ಯ ಎಲ್ಲಿದೆ, ಹಿಂದಿನ ದಿನಗಳಲ್ಲಿ ಅದೇ ದಾರಿಗೆ ಎಷ್ಟು ಹೊತ್ತು ಹಿಡಿದಿತ್ತು ಎಂಬುದನ್ನು ಕೂಡಿಸಿ ಅದು ಲೆಕ್ಕ ಹಾಕುತ್ತಿತ್ತು. ಅವನು ಬರೆದ, ಅವಳು ಚಿತ್ರ, ನಕ್ಷೆ, ವಿವರಣೆ ಸಿದ್ಧ ಮಾಡಿದಳು. ವಾರಗಟ್ಟಲೆ ಇಬ್ಬರೂ ಬಿಸಿಲಿನಲ್ಲಿ ನಿಲ್ದಾಣದ ಕಂಬಕ್ಕೊರಗಿ, ಫೋನಿನ ಲೆಕ್ಕಕ್ಕೂ ಬರುವ ಬಸ್ಸಿಗೂ ತಾಳೆ ನೋಡಿದರು. ಹಗಲು ಹೊತ್ತಿನಲ್ಲಿ ಲೆಕ್ಕ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ನಡುವರ್ಷದ ಪರಿಶೀಲನೆಯ ದಿನ ವಿಭಾಗದ ಮುಖ್ಯಸ್ಥರು ಬಂದು ಕೂತರು. ಅವರು ಒಳ್ಳೆಯವರು, ಆದರೆ ಸದಾ ಅವಸರದಲ್ಲಿದ್ದವರು. ಒಂದು ಮೀಟಿಂಗಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ಪ್ರಾಜೆಕ್ಟುಗಳನ್ನು ನೋಡುತ್ತಿದ್ದರು. ರೇಡಿಯೋ ನಿರರ್ಗಳವಾಗಿ ವಿವರಿಸಿದಳು. ಮುಖ್ಯಸ್ಥರು ತಲೆದೂಗಿ, ಗೆಳೆಯನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು.

"ಸಂಜೆ ಜನ ಜಾಸ್ತಿ ಇರ್ತಾರಲ್ಲಪ್ಪ, ಆಗ್ಲೂ ಲೆಕ್ಕ ಸರಿ ಬರುತ್ತಾ?"

ಅವನು ಎದ್ದು ನಿಂತ. "ಸಂಜೆ ಹೊತ್ತಿಗೆ ಲೆಕ್ಕ ಸ... ಸರಿ..." ಎಂದು ಮಾತು ನಿಂತಿತು. ಕಣ್ಣು ಮುಚ್ಚಿಕೊಂಡ. ಮುಖ್ಯಸ್ಥರ ಕೈ ಗಡಿಯಾರದ ಕಡೆ ಹೋದದ್ದನ್ನು ರೇಡಿಯೋ ನೋಡಿದಳು.

"ಸರಿ ಬರುತ್ತೆ ಸರ್," ಎಂದಳು.

ಮುಖ್ಯಸ್ಥರಿಗೆ ಬಹಳ ಸಂತೋಷವಾಯಿತು. ವಿದ್ಯಾರ್ಥಿಗಳ ಕೆಲಸ ಕಪಾಟಿನಲ್ಲಿ ಧೂಳು ತಿನ್ನಬಾರದು ಎಂದು ಅವರು ಹಿಂದಿನಿಂದಲೂ ಹೇಳುತ್ತಿದ್ದವರು. ಗೇಟಿನ ಮುಂದೆ ದೊಡ್ಡ ಪರದೆಯ ಬೋರ್ಡು ಹಾಕಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಹೊರಗೆ ಬಂದ ಮೇಲೆ ಗೆಳೆಯ ಅವಳ ತೋಳು ಮುಟ್ಟಿ ಏನೋ ಹೇಳಲು ನೋಡಿದ. ಅಷ್ಟರಲ್ಲಿ ಸಹಪಾಠಿಗಳು ಸುತ್ತುಗಟ್ಟಿ ಅಭಿನಂದಿಸತೊಡಗಿದರು. ಅವಳು ಅವನಿಗೆ, ಇರು, ಆಮೇಲೆ ಮಾತಾಡೋಣ ಎಂದಳು. ಆ ಆಮೇಲೆ ಬರಲೇ ಇಲ್ಲ.

ಬೋರ್ಡು ಬಂತು. ವಿಭಾಗದ ಸಾಧನೆಗಳ ಫಲಕದಲ್ಲಿ ಅದರ ಚಿತ್ರ ಬಂತು. ಚಿತ್ರದಲ್ಲಿ ರೇಡಿಯೋ ಬೋರ್ಡಿನ ಕಡೆ ಕೈ ತೋರಿಸುತ್ತಿದ್ದಳು. ಗೆಳೆಯನ ಅರ್ಧ ಭುಜ ಕಾಣುತ್ತಿತ್ತು. ತಂದೆ ಅದನ್ನು ದೊಡ್ಡದು ಮಾಡಿಸಿ ಅಂಗಡಿಯ ಕನ್ನಡಿಯ ಮೂಲೆಗೆ ಅಂಟಿಸಿದ. ವರ್ಷದ ಶ್ರೇಷ್ಠ ಪ್ರಾಜೆಕ್ಟಿನ ಬಹುಮಾನ ಪಡೆದವರಿಗೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಲ್ಲಿ ನೇರ ಪ್ರವೇಶವಿತ್ತು. ಅದು ಇವರಿಗೇ ಎಂದು ಎಲ್ಲರೂ ಅಂದುಕೊಂಡರು. ರೇಡಿಯೋ ಎಲ್ಲರಿಗಿಂತ ಹೆಚ್ಚಾಗಿ ಅಂದುಕೊಂಡಳು.

ಬೋರ್ಡು ಹಗಲಿನಲ್ಲಿ ಚೆನ್ನಾಗಿಯೇ ಇತ್ತು. ಸಂಜೆಯಾದರೆ ಸುಳ್ಳು ಹೇಳುತ್ತಿತ್ತು. ಬರುತ್ತದೆ ಎಂದ ಬಸ್ಸು ಎಷ್ಟು ಕಾದರೂ ಬರುತ್ತಿರಲಿಲ್ಲ. ಮೊದಲು ಒಬ್ಬಿಬ್ಬರು ಗೊಣಗಿದರು. ಆಮೇಲೆ ಒಂದು ಸಂಜೆ ದೊಡ್ಡ ಅನಾಹುತವೇ ಆಯಿತು. ಹಗಲೆಲ್ಲ ಗ್ಯಾರೇಜಿನಲ್ಲಿ ದುಡಿದು ಸಂಜೆ ತರಗತಿಯಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿ, ಊರಾಚೆಯ ಕೇಂದ್ರದಲ್ಲಿ ಪರೀಕ್ಷೆ ಬರೆಯಲು ಹೊರಟಿದ್ದ. ಬೋರ್ಡನ್ನು ನಂಬಿ, ಬಂದ ಆಟೋವನ್ನು ಬೇಡವೆಂದು ಕಳಿಸಿ, ನಿಲ್ದಾಣದಲ್ಲೇ ನಿಂತ. ಬಸ್ಸು ಬರಲಿಲ್ಲ. ಅವನು ತಲುಪುವ ಹೊತ್ತಿಗೆ ಪರೀಕ್ಷೆಯ ಕೊಠಡಿಯ ಬಾಗಿಲು ಹಾಕಿತ್ತು.

ಮರುದಿನ ಮುಖ್ಯಸ್ಥರು ಇಬ್ಬರನ್ನೂ ಕರೆಸಿದರು. ಪ್ರೋಗ್ರಾಮ್ ಬರೆದವನು ನೀನಲ್ಲವೇ, ಇದು ಹೀಗಾಗುತ್ತದೆ ಎಂದು ನಿನಗೆ ಗೊತ್ತಿತ್ತೇ ಎಂದು ಗೆಳೆಯನನ್ನು ಕೇಳಿದರು. ಅವನು ಹೌದೆಂದು ತಲೆಯಾಡಿಸಿದ.

"ಗೊತ್ತಿದ್ದೂ ಸುಮ್ನಿದ್ಯಾ? ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ಅವನ ಮುಖ ಕೆಂಪಾಯಿತು. ಬಾಯಿ ತೆರೆದ. "ನಾ... ನಾ..." ಎಂದ. ಮುಂದಿನದು ಬರಲಿಲ್ಲ. ರೇಡಿಯೋಗೆ ನೋಡಲಾಗಲಿಲ್ಲ. ಅಭ್ಯಾಸಬಲದಿಂದ ಅವಳೇ ಮಾತು ತೆಗೆದುಕೊಂಡಳು. ತಪ್ಪಾಯಿತು ಸರ್, ಅವನ ಗಮನಕ್ಕೆ ಬಂದಿರಲಿಲ್ಲವೇನೋ, ಸಣ್ಣ ದೋಷ, ಇಬ್ಬರೂ ಕೂತು ಸರಿ ಮಾಡುತ್ತೇವೆ ಎಂದಳು. ಅವನನ್ನು ಕಾಪಾಡುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. ಗೆಳೆಯ ತೆರೆದ ಬಾಯಿ ಮುಚ್ಚಿಕೊಂಡು ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಹೊರಗೆ ಹೋದ.

ಮಾರನೆಯ ದಿನ ಅವನು ವಿಭಾಗಕ್ಕೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಫೋನಿಗೆ ಉತ್ತರವಿಲ್ಲ, ಸಂದೇಶಕ್ಕೆ ಉತ್ತರವಿಲ್ಲ. ಪ್ರಾಜೆಕ್ಟಿನ ಕೊನೆಯ ಮೌಖಿಕ ಪರೀಕ್ಷೆ ಹತ್ತಿರ ಬರುತ್ತಿತ್ತು. ವಾರ ಕಳೆದ ಮೇಲೆ ರೇಡಿಯೋ ಅವನ ವಿಳಾಸ ಹುಡುಕಿಕೊಂಡು ಹೊರಟಳು. ಇಷ್ಟು ವರ್ಷಗಳಲ್ಲಿ ಅವನ ಮನೆ ಎಲ್ಲಿದೆ ಎಂದು ತಾನು ಕೇಳಿರಲೇ ಇಲ್ಲ ಎಂಬುದು ದಾರಿಯಲ್ಲಿ ಅವಳಿಗೆ ಹೊಳೆಯಿತು.

ಚಪ್ಪಲಿ ಅಂಗಡಿಯೊಂದರ ಮೇಲಿನ ಮನೆ. ಕಡಿದಾದ ಮೆಟ್ಟಿಲು. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಅವನ ತಾಯಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ನೀಲಿ ಬಟ್ಟೆಯ ಚೂರುಗಳು ನೆಲದ ತುಂಬ ಬಿದ್ದಿದ್ದವು. ಕಿಟಕಿಯ ಹತ್ತಿರ ಅಜ್ಜಿ ಬಟಾಣಿ ಸುಲಿಯುತ್ತಿದ್ದಳು. ಗೆಳೆಯ ಅಜ್ಜಿಯ ಪಕ್ಕದಲ್ಲಿ ಕಾಲು ಚಾಚಿ ಕೂತು ತಾನೂ ಸುಲಿಯುತ್ತಿದ್ದ. ರೇಡಿಯೋಳನ್ನು ಕಂಡು ಅವನು ಎದ್ದು ನಿಂತ.

"ಬಾಮ್ಮ, ಒಳಗೆ ಬಾ," ಎಂದಳು ತಾಯಿ. "ಕೂತ್ಕೋ. ಸೂಜಿ ಗೀಜಿ ಚುಚ್ಚೀತು, ನೋಡ್ಕೊಂಡು ಕೂತ್ಕೋ."

ರೇಡಿಯೋ ಬರುವಾಗಲೇ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದಳು. ಕೂತವಳೇ ಆರಂಭಿಸಿದಳು. ಪರೀಕ್ಷೆ, ಬಹುಮಾನ, ಮುಖ್ಯಸ್ಥರ ಸಿಟ್ಟು ಇಳಿದದ್ದು, ಅವನಿಲ್ಲದೆ ಕೆಲಸ ನಿಂತದ್ದು ಎಲ್ಲವನ್ನೂ ಹೇಳುತ್ತ ಹೋದಳು. ತಾಯಿ ಯಂತ್ರ ನಿಲ್ಲಿಸಿ ಕೇಳಿದಳು. ಅಜ್ಜಿ, ಈ ಹುಡುಗಿ ಉಸಿರಾಡುವುದು ಯಾವಾಗ ಎಂಬಂತೆ ನೋಡಿದಳು. ನಡುವೆ ತಾಯಿ ಒಳಗೆ ಹೋಗಿ ಲೋಟಗಳಲ್ಲಿ ಚಹಾ ತಂದಳು. ಮಗನಿಗೂ ಒಂದು ಲೋಟ ಕೊಟ್ಟಳು.

"ಅವನು ಚಹಾ ಕುಡಿಯಲ್ಲ ಆಂಟಿ," ಎಂದಳು ರೇಡಿಯೋ. "ಅವನಿಗೆ ಕಾಫಿನೇ ಆಗ್ಬೇಕು."

ತಾಯಿ ಮಗನ ಮುಖ ನೋಡಿದಳು. ಅವನ ಬಾಯಿ ಕೊಂಕಿತು. ನಗು ತಡೆದುಕೊಳ್ಳುತ್ತಿದ್ದಾನೆ ಎಂದು ಗೊತ್ತಾಗುವಂತಿತ್ತು. ಅವನು ಅಮ್ಮನ ಕಡೆ ತಿರುಗಿ ಹೇಳಲು ಆರಂಭಿಸಿದ. ಮೊದಲ ಅಕ್ಷರದಲ್ಲೇ ನಿಂತಿತು. ರೇಡಿಯೋ ಅದನ್ನು ಮುಂದುವರಿಸಲು ಬಾಯಿ ತೆರೆದಳು. ಆದರೆ ಏನು ಹೇಳಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಆ ಮನೆಯಲ್ಲಿ ಬೇರೆ ಯಾರೂ ಬಾಯಿ ತೆರೆಯಲಿಲ್ಲ. ತಾಯಿ ಹಲ್ಲಿನಲ್ಲಿ ದಾರ ಕತ್ತರಿಸಿದಳು. ಅಜ್ಜಿ ಇನ್ನೊಂದು ಕಾಯಿ ಸುಲಿದಳು. ಯಾರ ಮುಖದಲ್ಲೂ ಅವಸರವಿರಲಿಲ್ಲ, ಕರುಣೆಯೂ ಇರಲಿಲ್ಲ. ಮಾತು ಬಂದೇ ಬರುತ್ತದೆ ಎಂದು ಗೊತ್ತಿದ್ದವರ ಹಾಗೆ ಅವರು ತಮ್ಮ ಕೆಲಸ ಮಾಡಿಕೊಂಡಿದ್ದರು. ಮಾತು ಬಂತು. ನಿಂತು ನಿಂತು, ಎಡವಿ, ಹಿಂದಕ್ಕೆ ಹೋಗಿ ಮತ್ತೆ ಹಿಡಿದು, ಅವನು ಒಂದು ಇಡೀ ಕಥೆ ಹೇಳಿದ.

ಕಾಲೇಜಿನ ಮೊದಲ ವರ್ಷ, ಕ್ಯಾಂಟೀನಿನಲ್ಲಿ ಈ ಹುಡುಗಿ ಅವನಿಗೆ ಏನು ಬೇಕು ಎಂದು ಕೇಳಿದಳಂತೆ. ಅವನು ಕಾಫಿ ಬೇಡ, ಚಹಾ ಸಾಕು ಎಂದು ಹೇಳಲು ಹೊರಟ. ಕಾಫಿ ಎಂಬಲ್ಲಿಗೆ ನಾಲಿಗೆ ನಿಂತಿತು. ಬೇಡ ಎನ್ನುವುದು ಇನ್ನೂ ಬಾಕಿಯಿತ್ತು. ಅಷ್ಟರಲ್ಲಿ ಇವಳು ಕಾಫಿ ತರಿಸಿಯಾಗಿತ್ತು. ಮರುದಿನವೂ ಕಾಫಿ. ಅದರ ಮರುದಿನವೂ ಕಾಫಿ.

"ಆ ಬೇಡ ಅನ್ನೋದು," ಎಂದ ಅವನು ಕೊನೆಗೆ, "ಇನ್ನೂ ನನ್ನ ಹೊ... ಹೊಟ್ಟೇಲೇ ಇದೆ. ಕಾಫಿ ಜೊತೆ."

ಅಜ್ಜಿ ಬಟಾಣಿ ಬಿಟ್ಟು ನಕ್ಕಳು. ತಾಯಿ ಕಣ್ಣೊರೆಸಿಕೊಂಡು ನಕ್ಕಳು. ರೇಡಿಯೋ ಕೂಡ ನಕ್ಕಳು. ನಗುತ್ತಲೇ ಅವಳಿಗೆ ಏನೋ ಒಂದು ಥರ ಆಯಿತು. ಇವನು ಇಷ್ಟು ತಮಾಷೆಯ ಮನುಷ್ಯ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅವನು ಒಂದು ಮಾತನ್ನು ಕೊನೆಯವರೆಗೆ ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅವನ ಪ್ರತಿ ಮಾತಿನ ಬಾಲವನ್ನೂ ತಾನೇ ಕತ್ತರಿಸಿ ಬೇರೆ ಬಾಲ ಅಂಟಿಸುತ್ತ ಬಂದಿದ್ದಳು. ನಮ್ಮ ಮಾತಿನಲ್ಲಿ ಹೌದೋ ಅಲ್ಲವೋ, ಬೇಕೋ ಬೇಡವೋ ಎನ್ನುವುದು ಬರುವುದೇ ಬಾಲದಲ್ಲಿ. ಅವಳ ನಗು ನಿಂತಿತು.

"ಆವತ್ತು ಪರಿಶೀಲನೆ ದಿನ," ಎಂದಳು, ಈ ಸಲ ನಿಧಾನವಾಗಿ. "ಸಂಜೆ ಹೊತ್ತಿಗೆ ಲೆಕ್ಕ ಸರಿ ಅಂದೆಯಲ್ಲ, ಮುಂದೆ ಏನು ಹೇಳೋಕೆ ಹೊರಟಿದ್ದೆ?"

ಅವನು ಅವಳನ್ನು ನೋಡಿದ. ಅವಳು ಬಾಯಿ ಮುಚ್ಚಿಕೊಂಡು ಕೂತಳು. ಅದು ಸುಲಭವಾಗಿರಲಿಲ್ಲ. ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದುಕೊಳ್ಳಬೇಕಾಯಿತು.

"ಸರಿ ಬ... ಬರಲ್ಲ ಅಂತ," ಎಂದ.

ಆಮೇಲೆ ಪೂರ್ತಿಯಾಗಿ ವಿವರಿಸಿದ. ಸಂಜೆಯ ಹೊತ್ತಿನಲ್ಲಿ ತುಂಬಿದ ಬಸ್ಸುಗಳು ಗೇಟಿನ ಹತ್ತಿರ ಬರುವುದೇ ಇಲ್ಲ. ಹಿಂದಿನ ನಿಲ್ದಾಣದಿಂದಲೇ ಹೊರರಸ್ತೆ ಹಿಡಿದು ಹೋಗುತ್ತವೆ. ಇದು ಪ್ರೋಗ್ರಾಮಿಗೆ ತಿಳಿಯುವುದಿಲ್ಲ. ಅವನಿಗೆ ಇದರ ಅನುಮಾನ ನಿಲ್ದಾಣದಲ್ಲಿ ನಿಂತಾಗಲೇ ಬಂದಿತ್ತು. ಅವಳಿಗೆ ಹೇಳಲು ಎರಡು ಮೂರು ಸಲ ನೋಡಿದ್ದ. ಬರೆದು ಕಳಿಸಬಹುದಿತ್ತಲ್ಲ ಎಂದು ರೇಡಿಯೋ ಕೇಳಿದಳು. ಕಳಿಸಬಹುದಿತ್ತು, ಕಳಿಸಲಿಲ್ಲ, ಅದು ತನ್ನ ತಪ್ಪು ಎಂದು ಒಪ್ಪಿಕೊಂಡ. ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ ಎಂದು ಬಿಟ್ಟುಕೊಟ್ಟು ಬಿಟ್ಟುಕೊಟ್ಟು, ತನ್ನ ಮಾತು ತನ್ನದೇ ಎಂಬುದೂ ಮರೆತುಹೋದಂತಾಗಿತ್ತು ಎಂದ.

ರೇಡಿಯೋಗೆ ಅಳು ಬರುವಂತಾಯಿತು. ಅದು ಸಿಟ್ಟಿನ ರೂಪದಲ್ಲಿ ಹೊರಬಂತು.

"ನಾನು ಬೇಕು ಅಂತ ಮಾಡಿದ್ನಾ? ಎಲ್ಲರ ಮುಂದೆ ನಿಂಗೆ ಅವಮಾನ ಆಗೋದು ಬೇಡ ಅಂತ ತಾನೇ? ಅವರೆಲ್ಲ ನಗ್ತಾ ಇದ್ರು ಕಣೋ."

"ನಗ್ಲಿ," ಎಂದ ಅವನು. "ಅವರು ನಕ್ಕು ಸು... ಸುಮ್ಮನಾಗ್ತಾರೆ. ಆಮೇಲಾದ್ರೂ ನಾನು ಹೇಳಿ ಮುಗಿಸಬಹುದು. ನೀನು ಮುಗಿಸಿಬಿಟ್ರೆ ನಾನು ಹೇಳೋದು ಏ... ಏನು ಉಳಿಯುತ್ತೆ?"

ತಾಯಿ ನಡುವೆ ಬಂದಳು. ಮಗನ ಪರವಾಗಿ ಮಾತಾಡಲು ಅಲ್ಲ. "ನೀನು ಅವನ ಕೈ ಬಿಡ್ಲಿಲ್ಲಮ್ಮ, ಅದು ನಂಗೆ ಗೊತ್ತು," ಎಂದಳು. "ಚಿಕ್ಕೋನಿದ್ದಾಗ ನಾನೂ ಹೀಗೇ ಮಾಡ್ತಿದ್ದೆ. ಅಜ್ಜಿನೇ ಬೈದು ಬಿಡಿಸಿದ್ದು." ಅಜ್ಜಿ ತಲೆ ಎತ್ತದೆ, ಅಡುಗೆ ಉರಿಯ ಮೇಲಿದ್ದರೂ ಕಾಯುತ್ತೇವೆ, ಮಾತಿಗೆ ಕಾದರೆ ಏನು ಗಂಟು ಹೋಗುತ್ತದೆ ಎಂದು ಗೊಣಗಿದಳು.

ಹೊರಡುವಾಗ ಗೆಳೆಯ ಮೆಟ್ಟಿಲವರೆಗೆ ಬಂದ. ಬರುತ್ತೇನೆ, ಆದರೆ ಕೊನೆಯ ಪರೀಕ್ಷೆಯಲ್ಲಿ ಮಾತಾಡುವವನು ನಾನು ಎಂದ. ಮಾತು ಎಲ್ಲಿ ನಿಂತರೂ ನೀನು ಎತ್ತಿಕೊಳ್ಳಬಾರದು ಎಂದ. ಬಹುಮಾನ ಹೋದರೆ ಎಂದು ರೇಡಿಯೋ ಕೇಳಲಿಲ್ಲ. ಆದರೆ ಬಸ್ಸಿನಲ್ಲಿ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಯೋಚಿಸಿದ್ದು ಅದನ್ನೇ.

ಮರುದಿನ ಅವಳು ಮುಖ್ಯಸ್ಥರ ಕೋಣೆಗೆ ಒಬ್ಬಳೇ ಹೋದಳು. ಮೊದಲು ತನ್ನ ತಪ್ಪು ಹೇಳಿಕೊಂಡಳು. "ಅವನು ಆವತ್ತೇ ಹೇಳ್ತಿದ್ದ ಸರ್. ಸರಿ ಬರಲ್ಲ ಅಂತ ಹೇಳ್ತಿದ್ದ. ನಾನು ಮಧ್ಯೆ ಬಾಯಿ ಹಾಕಿ ಸರಿ ಬರುತ್ತೆ ಅಂದುಬಿಟ್ಟೆ. ಆ ಸಂಜೆ ಕ್ಲಾಸಿನ ಹುಡುಗನ ಪರೀಕ್ಷೆ ಹೋಗಿದ್ದು ನನ್ನಿಂದ."

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ದಿನ ತಾವು ಗಡಿಯಾರ ನೋಡಿಕೊಂಡದ್ದು ಅವರಿಗೂ ನೆನಪಾಯಿತೋ ಏನೋ, ಅವರು ಹೇಳಲಿಲ್ಲ. ಆ ಹುಡುಗನಿಗೆ ಮತ್ತೆ ಪರೀಕ್ಷೆ ಬರೆಯಲು ಅವಕಾಶ ಕೊಡುವಂತೆ ಪರೀಕ್ಷಾ ವಿಭಾಗಕ್ಕೆ ತಾವೇ ಬರೆಯುವುದಾಗಿ ಹೇಳಿದರು, ಹಾಗೆಯೇ ಮಾಡಿದರು ಕೂಡ. ಆದರೆ ಅವಳ ಎರಡನೆಯ ಕೋರಿಕೆಗೆ ಅವರು ಒಪ್ಪಲಿಲ್ಲ. ಗೆಳೆಯನಿಗೆ ಮಾತಾಡಲು ಸ್ವಲ್ಪ ಹೆಚ್ಚು ಹೊತ್ತು ಕೊಡಿ ಎಂದು ಅವಳು ಕೇಳಿದ್ದಳು.

"ನಂದೇನು ಕಲ್ಲಿನ ಮನಸ್ಸಲ್ಲಮ್ಮ," ಎಂದರು. "ಒಬ್ಬರಿಗೆ ಕೊಟ್ಟರೆ ನಾಳೆ ಇನ್ನೊಬ್ಬರು ಕೇಳ್ತಾರೆ. ಹೊರಗಿಂದ ಪರೀಕ್ಷಕರು ಬರ್ತಾರೆ, ಅವರೂ ಮನೆಗೆ ಹೋಗಬೇಕು. ನೀನೇ ವಿವರಿಸು, ಅವನು ಕಂಪ್ಯೂಟರ್ ಹತ್ರ ಕೂತ್ಕೊಳ್ಲಿ. ಎಲ್ಲರ ಮುಂದೆ ಅವನಿಗೆ ಅವಮಾನ ಆಗೋದು ಬೇಡ ಅಂತ ತಾನೇ ನಾನು ಹೇಳೋದು?"

ಅದು ಹಿಂದಿನ ದಿನ ಅವಳೇ ಆಡಿದ ಮಾತಾಗಿತ್ತು. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಅಷ್ಟು ಒಳ್ಳೆಯ ಮಾತಾಗಿ ಕೇಳಲಿಲ್ಲ. ಅವಳು ವಾದ ಮಾಡಲಿಲ್ಲ. ಅವನೇ ಮಾತಾಡುತ್ತಾನೆ ಸರ್, ಎಲ್ಲಿಗೆ ಬರುತ್ತದೋ ಅಲ್ಲಿಗೆ ಬರಲಿ ಎಂದಷ್ಟೇ ಹೇಳಿ ಬಂದಳು.

ಪರೀಕ್ಷೆಯ ದಿನ ದೊಡ್ಡ ಕೊಠಡಿ ತುಂಬಿತ್ತು. ಮುಂದಿನ ಸಾಲಿನಲ್ಲಿ ಮುಖ್ಯಸ್ಥರು, ಅವರ ಪಕ್ಕದಲ್ಲಿ ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕಿ, ನರೆಗೂದಲಿನ ಗಂಭೀರ ಹೆಂಗಸು. ಬಾಗಿಲ ಹತ್ತಿರ ಜವಾನ ಗಂಟೆ ಹಿಡಿದು ಕೂತಿದ್ದ. ಇವರ ಸರದಿ ಬಂದಾಗ ರೇಡಿಯೋ ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಗೆಳೆಯ ಮುಂದೆ ನಿಂತ. ಏನೋ ತಪ್ಪಾಗಿದೆ ಎಂದುಕೊಂಡು ಕೊಠಡಿಯಲ್ಲಿ ಗುಸುಗುಸು ಹುಟ್ಟಿತು.

"ನ... ನಮ್ಮ..." ಎಂದ. ನಿಂತಿತು.

ಕುರ್ಚಿಗಳು ಕಿರುಗುಟ್ಟಿದವು. ಹಿಂದಿನಿಂದ ಯಾರೋ ಲೋಡಿಂಗ್ ಎಂದರು, ನಗು ಕೇಳಿಸಿತು. ರೇಡಿಯೋ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಳು. ಆ ವಾಕ್ಯ ಅವಳಿಗೆ ಗೊತ್ತಿತ್ತು. ಇಬ್ಬರೂ ಕೂತು ಬರೆದದ್ದು. ಬಾಯಿ ತೆರೆದರೆ ಸಾಕು, ಎಲ್ಲರ ಸಂಕಟವೂ ಮುಗಿಯುತ್ತಿತ್ತು.

"ನಮ್ಮ ಪ್ರಾಜೆಕ್ಟ್, ಅಲ್ವಾ?" ಎಂದು ಪರೀಕ್ಷಕಿ ಮೆಲ್ಲಗೆ ನೆರವಾದರು. ಅವನು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಮತ್ತೆ ನಿಂತಿತು. ಪರೀಕ್ಷಕಿ ಮತ್ತೊಂದು ಪದ ಕೊಡಲು ಹೊರಟರು.

"ಮೇಡಂ, ಅವನೇ ಹೇಳ್ತಾನೆ," ಎಂದಳು ರೇಡಿಯೋ. "ಸ್ವಲ್ಪ ಹೊತ್ತಾಗುತ್ತೆ, ಅಷ್ಟೆ."

ಆ ದಿನ ಆ ಕೊಠಡಿಯಲ್ಲಿ ಅವಳು ಆಡಿದ್ದು ಅಷ್ಟೇ ಮಾತು. ಪರೀಕ್ಷಕಿ ಅವಳನ್ನು ನೋಡಿದರು, ಅವನನ್ನು ನೋಡಿದರು, ಪೆನ್ನನ್ನು ಕೆಳಗಿಟ್ಟು ಹಿಂದಕ್ಕೊರಗಿ ಕೂತರು.

ಗೆಳೆಯ ಒಮ್ಮೆ ಉಸಿರು ತೆಗೆದುಕೊಂಡ. ಬರೆದುಕೊಂಡಿದ್ದ ವಾಕ್ಯವನ್ನು ಬಿಟ್ಟು, ಬೇರೆಯೇ ಒಂದನ್ನು ಹಿಡಿದ. "ನಾನು ತ... ತಡವಾಗಿ ಬರ್ತೀನಿ," ಎಂದ. "ಆದ್ರೆ ನಮ್ಮ ಬೋರ್ಡಿನ ಸಂಜೆ ಬಸ್ಸಿನ ಹಾಗಲ್ಲ. ಬಂದೇ ಬ... ಬರ್ತೀನಿ."

ಇಡೀ ಕೊಠಡಿ ನಕ್ಕಿತು. ಮೊದಲು ಕೇಳಿಸಿದ್ದ ನಗು ಇದಾಗಿರಲಿಲ್ಲ. ಮುಖ್ಯಸ್ಥರೂ ನಕ್ಕರು. ಮುಂದೆ ಎಲ್ಲ ಸಲೀಸಾಯಿತು ಎಂದೇನಲ್ಲ. ಕೆಲವು ಪದಗಳು ಬೇಗ ಬಂದವು, ಕೆಲವು ಅವನನ್ನು ಬೆವರಿಸಿ ಬಂದವು. ಒಂದೆರಡು ಕಡೆ ಮೌನ ಎಷ್ಟು ಉದ್ದವಾಯಿತೆಂದರೆ ರೇಡಿಯೋ ಕಣ್ಣು ಮುಚ್ಚಿಕೊಂಡಳು. ಅವನು ವಿವರಣೆಯ ಅರ್ಧಕ್ಕೆ ಬರುವಷ್ಟರಲ್ಲಿ ಜವಾನ ಗಂಟೆ ಬಾರಿಸಿದ.

ಮುಖ್ಯಸ್ಥರು ಸಾಕು ಎಂಬಂತೆ ಕೈ ಎತ್ತಿದರು. ಗೆಳೆಯ ಪುಟಗಳನ್ನು ಮಡಿಸಿದ, ಆದರೆ ನಿಂತ ಜಾಗ ಬಿಡಲಿಲ್ಲ. ಸಂಜೆ ಹೊತ್ತಿಗೆ ತಮ್ಮ ಲೆಕ್ಕ ಸರಿ ಬರುವುದಿಲ್ಲ, ಅದಕ್ಕೆ ಬೇಕಾದಷ್ಟು ದಾಖಲೆ ತಮ್ಮ ಬಳಿ ಇಲ್ಲ, ಗೊತ್ತಿಲ್ಲದಾಗ ಗೊತ್ತಿಲ್ಲ ಎಂದೇ ಬೋರ್ಡು ಹೇಳಬೇಕು ಎಂದು ಒಂದೊಂದೇ ಪದವನ್ನು ಎತ್ತಿಟ್ಟಂತೆ ಹೇಳಿ ಮುಗಿಸಿದ. ಎತ್ತಿದ ಕೈಯನ್ನು ಮುಖ್ಯಸ್ಥರು ಅವನು ಮುಗಿಸುವ ಮೊದಲೇ ಕೆಳಗಿಳಿಸಿದ್ದರು.

ಬಹುಮಾನ ಇವರಿಗೆ ಬರಲಿಲ್ಲ. ಮುಖ ನೋಡಿ ಹಾಜರಿ ಹಾಕಿಕೊಳ್ಳುವ ಯಂತ್ರ ಮಾಡಿದ ತಂಡಕ್ಕೆ ಹೋಯಿತು. ನಿರೂಪಣೆಗೆ ಇವರಿಬ್ಬರಿಗೂ ಸಿಕ್ಕ ಅಂಕ ಸಾಧಾರಣ. ರೇಡಿಯೋಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಂಶೋಧನಾ ಕೇಂದ್ರಕ್ಕೆ ಇನ್ನು ಎಲ್ಲರಂತೆ ಅರ್ಜಿ ಹಾಕಿ, ಪ್ರವೇಶ ಪರೀಕ್ಷೆ ಬರೆಯಬೇಕು. ಅಂಗಡಿಯಲ್ಲಿ ತಂದೆ ಸುದ್ದಿ ಕೇಳಿ ಕತ್ತರಿ ಕೆಳಗಿಟ್ಟ. ಏನಾಯಿತು ಎಂದು ಕೇಳಿದ. ಅವಳು ಹೇಳತೊಡಗಿದಾಗ ನಡುವೆ ಹತ್ತು ಪ್ರಶ್ನೆ ಹಾಕಿದ. ಅವಳು "ಅಪ್ಪಾ, ಮುಗಿಸ್ತೀನಿ ಇರಿ" ಎಂದಳು. ಅವನು ಸುಮ್ಮನಾದ. ಕುರ್ಚಿಯಲ್ಲಿ ಅರ್ಧ ಕ್ಷೌರವಾಗಿ ಕೂತಿದ್ದವನೂ ಪೂರ್ತಿ ಕೇಳಿದ.

ಬೋರ್ಡನ್ನು ಇಬ್ಬರೂ ಕೂತು ಸರಿಪಡಿಸಿದರು. ಸಂಜೆಯಾದರೆ ಅದರ ಮೇಲೆ, ಈ ಹೊತ್ತಿನ ಬಸ್ಸಿನ ಬಗ್ಗೆ ಖಚಿತವಾಗಿ ಹೇಳಲಾಗದು ಎಂಬ ಸಾಲು ಬರತೊಡಗಿತು. ಸಾಧನೆಗಳ ಫಲಕದಿಂದ ಅದರ ಚಿತ್ರವನ್ನು ಯಾರೋ ತೆಗೆದರು. ನಿಲ್ದಾಣದಲ್ಲಿ ಜನ ಬೋರ್ಡನ್ನು ಓದಿ, ಬಂದ ಆಟೋ ಹತ್ತಿ ಹೋಗುತ್ತಿದ್ದರು.

ಫಲಿತಾಂಶ ಬಂದ ಮೇಲೆ ಒಂದು ಮಧ್ಯಾಹ್ನ, ಇಬ್ಬರೂ ಲೈಬ್ರರಿಯ ಪುಸ್ತಕ ಹಿಂತಿರುಗಿಸಿ ವಿಭಾಗದ ಕಚೇರಿಗೆ ಬಂದಿದ್ದರು. ಗುಮಾಸ್ತನ ಮೇಜಿನ ಮೇಲಿದ್ದ ಫೋನು ರಿಂಗಾಯಿತು. ಆವತ್ತಿನ ಪರೀಕ್ಷಕಿ. ಬಸ್ಸಿನ ಸಂಜೆಯ ಲೆಕ್ಕದ ಬಗ್ಗೆ ಕೇಳಬೇಕಾದದ್ದಿದೆ, ಅದನ್ನು ಹೇಳಿದ ಹುಡುಗ ಸಿಗುತ್ತಾನೆಯೇ ಎಂದು ಕೇಳಿದರಂತೆ. ಗುಮಾಸ್ತ ಫೋನನ್ನು ಅಭ್ಯಾಸದಂತೆ ರೇಡಿಯೋಳ ಕಡೆ ಚಾಚಿ, ನೀನೇ ಮಾತಾಡಿಬಿಡಮ್ಮ ಎಂದ.

ಅವಳು ಅದನ್ನು ಗೆಳೆಯನ ಕೈಗೆ ಕೊಟ್ಟಳು. ಅವನ ಮುಖದ ಬಣ್ಣ ಇಳಿಯಿತು. ಎದುರಿಗೆ ಕಾಣದವರ ಜೊತೆ ಮಾತಾಡುವುದೆಂದರೆ ಅವನಿಗೆ ಎಲ್ಲಕ್ಕಿಂತ ಕಷ್ಟ. ಮೌನವಾದರೆ ಆಚೆಯವರು ಫೋನು ಇಟ್ಟುಬಿಡುತ್ತಾರೆ. ಅವನು ಅದನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದ. ರೇಡಿಯೋ ಗುಮಾಸ್ತನಿಗೆ ಸನ್ನೆ ಮಾಡಿದಳು. ಗುಮಾಸ್ತ ಗೊಣಗುತ್ತ ಎದ್ದು ಬಂದ. ಅವಳು ಹೊರಗೆ ಬಂದು ಹಿಂದಿನಿಂದ ಬಾಗಿಲು ಎಳೆದುಕೊಂಡಳು.

ಮೊಗಸಾಲೆಯಲ್ಲಿ ಬಹಳ ಹೊತ್ತು ಅವಳು ಅತ್ತಿಂದಿತ್ತ ನಡೆದಳು. ಒಳಗೆ ಏನು ನಡೆಯುತ್ತಿದೆಯೆಂದು ತಿಳಿಯಲಿಲ್ಲ. ಒಮ್ಮೆ ಬಾಗಿಲಿಗೆ ಕಿವಿ ಕೊಡುವ ಆಸೆಯಾಯಿತು, ಕೊಡಲಿಲ್ಲ. ಗುಮಾಸ್ತ ಚಹಾ ಕುಡಿದು ಬಂದು, ಇನ್ನೂ ಮುಗಿದಿಲ್ಲವೇ ಎಂದು ಕೇಳಿ, ಮತ್ತೆ ಹೋದ.

ಬಾಗಿಲು ತೆರೆಯಿತು. ಗೆಳೆಯ ಹೊರಗೆ ಬಂದ. ಹಣೆಯ ಮೇಲೆ ಬೆವರಿತ್ತು.

"ಏನಂದ್ರು?" ಎಂದಳು ರೇಡಿಯೋ.

ಅವನು ಬಾಯಿ ತೆರೆದ. ಮೊದಲ ಅಕ್ಷರ ಬಂದು ನಿಂತಿತು. ಹೇಳಬೇಕಾದದ್ದು ಬಹಳವಿದ್ದಂತಿತ್ತು. ರೇಡಿಯೋ ಚೀಲವನ್ನು ಹೆಗಲಿನಿಂದ ಇಳಿಸಿ ಪಕ್ಕದಲ್ಲಿಟ್ಟು, ಮೆಟ್ಟಿಲ ಮೇಲೆ ಕೂತುಕೊಂಡಳು.